ನೂರ ನಾಲ್ಕು ಗಳಿಗೆ

ಹೊಳೆಗೆ ಅಡ್ಡಲಾಗಿ ಹಳೆಯದೊಂದು ಕಲ್ಲಿನ ಕಟ್ಟೆ. ಕಟ್ಟೆಯ ಪಕ್ಕದಲ್ಲಿ ಅವಿಮುಕ್ತಯ್ಯನವರ ಆಶ್ರಮ.

ಕಟ್ಟೆಯ ತೂಬಿನಿಂದ ಒಂದೇ ಕಾಲುವೆ ಹೊರಡುತ್ತದೆ. ಅದರ ದಾರಿಯಲ್ಲಿ ನಾಲ್ಕು ಊರು. ಮೊದಲು ತಲೆಕೊಪ್ಪಲು, ಆಮೇಲೆ ಅಂಕನಹಳ್ಳಿ, ಸೂಲಗೆರೆ, ಕೊನೆಗೆ ಕಡೆಹಳ್ಳಿ. ಮೇಲಿನ ಊರು ತನ್ನ ಬಯಲಿಗೆ ನೀರು ತಿರುಗುವ ಬಾಯಿ ಮುಚ್ಚಿದರೆ ಮಾತ್ರ ಕೆಳಗಿನ ಊರಿಗೆ ನೀರು.

ಹಿಂದಿನ ಬೇಸಿಗೆಯಲ್ಲಿ ತೂಬಿನ ಬಳಿ ಹೊಡೆದಾಟವಾಯಿತು. ಕಡೆಹಳ್ಳಿಯ ರಾಚಪ್ಪನ ಬಲಗೈ ಮುರಿಯಿತು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು.

ಈ ಬೇಸಿಗೆಯಲ್ಲಿ ಕಡೆಹಳ್ಳಿಯವರು ಮೊದಲೇ ಹೇಳಿ ಕಳಿಸಿದರು. ಅಮಾವಾಸ್ಯೆಯೊಳಗೆ ನೀರಿನ ಸರದಿ ಗೊತ್ತಾಗದಿದ್ದರೆ ಊರಿಗೆ ಊರೇ ತೂಬಿಗೆ ಬರುತ್ತೇವೆ. ಬರಿಗೈಯಲ್ಲಿ ಬರುವುದಿಲ್ಲ.

ತಲೆಕೊಪ್ಪಲಿನವರು ತಿರುಗಿ ಹೇಳಿ ಕಳಿಸಿದರು. ಬರಲಿ.

ಎರಡೂ ಕಡೆಯ ಹಿರಿಯರು ಒಪ್ಪಿದ್ದು ಒಂದೇ ಮಾತಿಗೆ. ಸರದಿಯನ್ನು ಆಶ್ರಮದ ಅಯ್ಯನವರು ಹೇಳಲಿ.

ಅಮಾವಾಸ್ಯೆಗೆ ಒಂಬತ್ತು ದಿನ ಇತ್ತು. ಅವಿಮುಕ್ತಯ್ಯನವರು ದೇಮಣ್ಣನನ್ನು ಕರೆದರು. ದೇಮಣ್ಣ ಆಶ್ರಮಕ್ಕೆ ಬಂದು ಒಂಬತ್ತು ವರ್ಷ. ಲೆಕ್ಕದಲ್ಲಿ ಚುರುಕು. ಹುಟ್ಟಿದ್ದು ಕಡೆಹಳ್ಳಿಯಲ್ಲಿ. ಕೈ ಮುರಿದುಕೊಂಡ ರಾಚಪ್ಪ ಅವನ ಅಕ್ಕನ ಗಂಡ.

"ಊರೂರಿಗೆ ಹೋಗು," ಎಂದರು ಅಯ್ಯನವರು. "ಏನು ಬೇಕು ಅಂತ ಕೇಳಿ ಬಾ."

"ನನ್ನನ್ನೇ ಯಾಕೆ ಕಳಿಸ್ತೀರಿ ಅಯ್ಯ? ಕಡೆಹಳ್ಳಿಯವನು, ತನ್ನವರ ಕಡೆ ವಾಲ್ತಾನೆ ಅಂತಾರೆ."

"ವಾಲ್ತೀಯಾ?"

"ಇಲ್ಲ."

"ಹಾಗಾದರೆ ಹೋಗು."

ದೇಮಣ್ಣ ಆಶ್ರಮದ ಗಳಿಗೆ ಬಟ್ಟಲನ್ನು ಜೋಳಿಗೆಗೆ ಹಾಕಿಕೊಂಡ. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲು ಅದು. ನೀರಿನ ಮೇಲೆ ತೇಲಿಬಿಟ್ಟರೆ ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ. ಹಗಲು ರಾತ್ರಿ ಸೇರಿ ಅರವತ್ತು ಸಲ ಮುಳುಗುತ್ತದೆ. ಆ ಸೀಮೆಯಲ್ಲಿ ಕಾಲುವೆಯ ನೀರನ್ನು ಅಳೆಯುವುದೇ ಹಾಗೆ.

ಮೂರನೆಯ ದಿನ ದೇಮಣ್ಣ ವಾಪಸು ಬಂದ. ಅಯ್ಯನವರು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು.

"ತಲೆಕೊಪ್ಪಲು, ದಿನಕ್ಕೆ ಇಪ್ಪತ್ತೆಂಟು ಗಳಿಗೆ. ಅಂಕನಹಳ್ಳಿ ಮೂವತ್ತು. ಸೂಲಗೆರೆ ಇಪ್ಪತ್ತಾರು. ಕಡೆಹಳ್ಳಿ ಇಪ್ಪತ್ತು."

"ಒಟ್ಟು?"

"ನೂರ ನಾಲ್ಕು."

ಅಯ್ಯನವರು ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. "ದಿನಕ್ಕೆ ಗಳಿಗೆ ಅರವತ್ತೇ ಅಲ್ಲವೇನಪ್ಪ?"

"ಹೌದು ಅಯ್ಯ. ಅದಕ್ಕೆ ದಾರಿಯಲ್ಲೇ ಒಂದು ಯೋಚನೆ ಮಾಡಿದೆ. ಎಲ್ಲರಿಗೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸೋದು. ಯಾರಿಗೂ ಅನ್ಯಾಯ ಆಗಲ್ಲ."

"ಅರ್ಧ ಮಾಡ್ತೀಯ ಅಂತ ಅವರಿಗೆ ಗೊತ್ತಿಲ್ಲ ಅಂದುಕೊಂಡೆಯಾ?"

ದೇಮಣ್ಣ ಕೈಯಲ್ಲಿದ್ದ ಓಲೆಯ ಲೆಕ್ಕವನ್ನು ಇನ್ನೊಮ್ಮೆ ನೋಡಿದ.

"ಏನು ಬೇಕು ಅಂತ ಕೇಳಿ ಬಾ ಅಂದಿದ್ದೆ. ನೀನು ಏನು ಕೇಳಿದೆ?"

"ಎಷ್ಟು ಗಳಿಗೆ ಬೇಕು ಅಂತ."

ಅಯ್ಯನವರು ಮೊರ ಕೆಳಗಿಟ್ಟರು. ಎದ್ದು ಅಂಗಳದ ಹೊಂಗೆಮರದ ಕಡೆ ಹೋದರು. ಅಲ್ಲಿ ಊಟದ ಗಂಟೆ ತೂಗುತ್ತಿತ್ತು. ಅದರ ನಾಲಗೆಗೆ ಒಂದು ಹಳೆಯ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದರು.

ಮರುದಿನ ಗಂಟೆ ಬಾರಿಸಲಿಲ್ಲ.

ಬೆಳಗಿನ ಅಂಬಲಿಯನ್ನು ಅಡುಗೆಯ ಗಂಗಣ್ಣ ಎಂದಿಗಿಂತ ಮೊದಲೇ ಬಡಿಸಿಬಿಟ್ಟ. ಹೊಳೆಗೆ ಹೋದವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಡಕೆ ತೊಳೆದು ಬೋರಲು ಹಾಕಿತ್ತು. ಹಾಗೆ ಅಂಬಲಿ ತಪ್ಪಿದವರಲ್ಲಿ ದೇಮಣ್ಣನೂ ಒಬ್ಬ.

"ಮಧ್ಯಾಹ್ನದ್ದು ಯಾವಾಗ ಗಂಗಣ್ಣ?"

"ಅಯ್ಯನವರು ಹೇಳಿದಾಗ."

"ಅವರು ಯಾವಾಗ ಹೇಳ್ತಾರೆ?"

"ಅದನ್ನ ಅವರನ್ನೇ ಕೇಳು. ನನ್ನ ತಲೆ ತಿನ್ನಬೇಡ, ಅಂಬಲಿ ಮುಗೀತು ಅಂತ."

ಅಂದು ಹಿತ್ತಲಲ್ಲಿ ಯಾರೂ ಕಳೆ ಕೀಳಲಿಲ್ಲ. ಕೊಟ್ಟಿಗೆಯ ಸಗಣಿ ಹಾಗೇ ಇತ್ತು. ಓದುವವರು ಓಲೆಗರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಡುಗೆಮನೆಯ ಹೊಗೆಯನ್ನೇ ನೋಡುತ್ತ ಕುಳಿತರು. ಹದಿನಾಲ್ಕು ಜನರೂ ಅಡುಗೆಮನೆಯ ಸುತ್ತಲೇ ಇದ್ದರು. ಏನೋ ಕೆಲಸ ಇದ್ದವರ ಹಾಗೆ.

ಹೊತ್ತು ಸಾಕಷ್ಟು ಇಳಿದ ಮೇಲೆ ಗಂಗಣ್ಣ ಮುದ್ದೆಯ ಹೆಡಿಗೆಯನ್ನು ಹೊರಗೆ ತಂದ. ಒಬ್ಬರನ್ನೊಬ್ಬರು ನೂಕಿಕೊಂಡು ಬಂದರು. ಕ್ಷಣದಲ್ಲಿ ಹೆಡಿಗೆ ಬರಿದಾಯಿತು.

ಅಯ್ಯನವರು ಬಂದು ಬಾಗಿಲಲ್ಲಿ ನಿಂತರು.

"ಗಂಗಣ್ಣ, ನಿನ್ನೆ ಎಷ್ಟು ಮುದ್ದೆ ಮಾಡಿದ್ದೆ?"

"ಮೂವತ್ತು ಅಯ್ಯ. ಎರಡು ಮಿಕ್ಕಿತ್ತು."

"ಇವತ್ತು?"

"ನಲವತ್ತು. ಮೂರು ಜನಕ್ಕೆ ಸಿಗಲೇ ಇಲ್ಲ." ಗಂಗಣ್ಣನಿಗೆ ಅಳು ಬರುವ ಹಾಗಿತ್ತು. "ನೀವು ಒಂದು ದಿನ ಗಂಟೆ ಕಟ್ಟಿದ್ದಕ್ಕೆ ನನ್ನ ಹಿಟ್ಟಿನ ಗುಡಾಣ ತಳ ಕಂಡಿತು."

ಅಯ್ಯನವರು ದೇಮಣ್ಣನ ಕಡೆ ತಿರುಗಿದರು. "ಹೆಗಲ ಮೇಲಿನ ಬಟ್ಟೆಯಲ್ಲಿ ಏನದು ಗಂಟು?"

ದೇಮಣ್ಣ ಗಂಟು ಬಿಚ್ಚಿದ. ಎರಡು ಮುದ್ದೆ ಇತ್ತು. ಬಟ್ಟೆಯ ನೂಲು ಅಂಟಿಕೊಂಡಿತ್ತು.

ಯಾರೋ ಕಿಸಕ್ಕನೆ ನಕ್ಕರು. ನಕ್ಕವನ ಮಡಿಲಲ್ಲೂ ಒಂದು ಇತ್ತು.

"ನಿನ್ನ ಊಟ ಎಷ್ಟು?"

"ಎರಡು."

"ಉಂಡದ್ದು?"

"ಎರಡು."

"ಹಾಗಾದರೆ ಇದು?"

"ರಾತ್ರಿಯದ್ದು ಯಾವಾಗಲೋ, ಇದೆಯೋ ಇಲ್ಲವೋ... ಗೊತ್ತಾಗಲಿಲ್ಲ ಅಯ್ಯ."

ಅಯ್ಯನವರು ಮುದ್ದೆಗೆ ಅಂಟಿದ್ದ ಒಂದು ನೂಲನ್ನು ಬಿಡಿಸಿದರು.

"ಒಂಬತ್ತು ವರ್ಷದಿಂದ ನಿನಗೆ ಎದುರಾಗಿ ಕೂತು ಉಣ್ತಿದ್ದೀನಿ. ಯಾರಾದರೂ ಕೇಳಿದ್ದರೆ, ದೇಮಣ್ಣನಿಗೆ ಎರಡು ಮುದ್ದೆ ಅಂತ ಕಣ್ಣು ಮುಚ್ಚಿಕೊಂಡು ಹೇಳ್ತಿದ್ದೆ. ತಪ್ಪಾಗ್ತಿತ್ತು." ಆಮೇಲೆ ಕೇಳಿದರು: "ಕಡೆಹಳ್ಳಿಗೆ ಇಪ್ಪತ್ತು ಗಳಿಗೆ ಅಂದವರು ಯಾರು?"

ದೇಮಣ್ಣನ ಮುಖ ಕೆಳಗಾಯಿತು.

"ನಾನೇ ಬರೆದೆ. ಅಲ್ಲಿಗೆ ಹೋಗಲಿಲ್ಲ."

"ಯಾಕೆ?"

"ಹೋದರೆ ಅಕ್ಕನ ಮನೆಯಲ್ಲಿ ಉಂಡು ಬಂದ ಅಂತಾರೆ. ಮತ್ತೆ, ಅದು ನನ್ನ ಊರು. ನಮ್ಮಪ್ಪ ನೀರು ಕಟ್ಟೋದನ್ನ ನೋಡಿಕೊಂಡು ಬೆಳೆದವನು ನಾನು. ಕೇಳೋದೇನಿದೆ ಅನ್ನಿಸ್ತು."

"ಆ ಮುದ್ದೆ ಸಿಗದವರಿಗೆ ಕೊಡು," ಎಂದರು ಅಯ್ಯನವರು. "ಕೊಟ್ಟು ಹೊರಡು. ಅಕ್ಕನ ಮನೆಯಲ್ಲಿ ಉಂಡು ಬಾ." ಆಮೇಲೆ ಹೋಗಿ ಗಂಟೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು.

ಕಡೆಹಳ್ಳಿಯ ಮನೆಗಳ ಬಾಗಿಲಿಗೆಲ್ಲ ಹೊರಗಿನಿಂದ ಚಿಲಕ ಹಾಕಿತ್ತು. ಬೆಳಗಿನ ಹೊತ್ತು. ನಾಯಿಗಳನ್ನು ಬಿಟ್ಟರೆ ಬೀದಿಯಲ್ಲಿ ಯಾರೂ ಇಲ್ಲ.

ಊರು ಸಿಕ್ಕಿದ್ದು ಕಾಲುವೆಯ ಏರಿಯ ಮೇಲೆ. ಒಣಗಿದ ಕಾಲುವೆಯ ಉದ್ದಕ್ಕೂ ಮರದ ನೆರಳು ಇರುವಲ್ಲೆಲ್ಲ ಜನ ಕುಳಿತಿದ್ದರು. ಒಬ್ಬ ಹಗ್ಗ ಹೊಸೆಯುತ್ತಿದ್ದ. ಇಬ್ಬರು ಹೆಂಗಸರು ಕಲ್ಲು ಹೂಡಿ ಅಲ್ಲೇ ಒಲೆ ಹಚ್ಚಿದ್ದರು. ಎಲ್ಲರ ಪಕ್ಕದಲ್ಲೂ ಒಂದೊಂದು ಗುದ್ದಲಿ.

ಅಕ್ಕ ಹೊನ್ನವ್ವ ದೂರದಿಂದಲೇ ನೋಡಿದಳು. ಏಳಲಿಲ್ಲ.

"ಬಂದ್ಯಾ? ದಾರಿ ನೆನಪಿತ್ತಾ?"

"ಇತ್ತಕ್ಕ."

"ನಿಮ್ಮ ಭಾವನ ಕೈ ಮುರಿದಾಗ ನೆನಪಿರಲಿಲ್ಲ. ಈಗ ಬಂತು."

ದೇಮಣ್ಣ ಅವಳ ಪಕ್ಕದಲ್ಲಿ ಕುಳಿತ.

ರಾಚಪ್ಪ ಸೊಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನಕ್ಕ. "ಇರಲಿ ಬಿಡೇ. ಸ್ವಾಮಿಗಳು ಬಂದವ್ರೆ. ನೆರಳಲ್ಲಿ ಜಾಗ ಕೊಡು."

"ಇವತ್ತೇನು ಭಾವ, ಊರೆಲ್ಲ ಇಲ್ಲೇ ಇದೆ?"

"ಇವತ್ತೇನು ಬಂತು, ದಿನಾ ಇಲ್ಲೇ. ನೀರು ಕಾಯ್ತಾ ಇದ್ದೀವಿ."

"ಯಾವಾಗ ಬರುತ್ತೆ?"

ಹಗ್ಗ ಹೊಸೆಯುವವನು ತಲೆ ಎತ್ತಿದ. "ಅದು ಗೊತ್ತಿದ್ದರೆ ಇಲ್ಲಿ ಯಾಕೆ ಕೂರ್ತಿದ್ವಿ ಬುದ್ಧಿ?"

ಎಲ್ಲರೂ ನಕ್ಕರು. ದೇಮಣ್ಣನೊಬ್ಬ ನಗಲಿಲ್ಲ.

"ಮೊನ್ನೆ ಊಟಕ್ಕೆ ಅಂತ ಮನೆಗೆ ಹೋದ್ವಿ," ಎಂದಳು ಹೊನ್ನವ್ವ. "ಆಗಲೇ ಬಂತು. ಓಡಿ ಬರೋ ಹೊತ್ತಿಗೆ ಕಾಲುವೆ ತುಂಬಿ ಹಳ್ಳಕ್ಕೆ ಹರಿದಿತ್ತು. ನೀರು ಬರಲ್ಲ ಅಂತ ಅಲ್ಲ ದೇಮ. ನಾವು ಇಲ್ಲದಾಗ ಬರುತ್ತೆ."

"ಭತ್ತಕ್ಕೆ ಸಾಲ್ತಿಲ್ಲ ಹಾಗಾದರೆ."

"ಯಾವ ಭತ್ತ? ಭತ್ತ ಬಿಟ್ಟು ಏಳು ವರ್ಷ ಆಯ್ತು. ಈಗ ರಾಗಿ, ಹರಳು, ಒಂದಿಷ್ಟು ಸೊಪ್ಪು. ನೀನು ಅಪ್ಪನ ಕಾಲದಲ್ಲೇ ಇದ್ದೀಯ."

ದೇಮಣ್ಣ ಜೋಳಿಗೆಯಿಂದ ಓಲೆ ತೆಗೆದ. ಇಪ್ಪತ್ತು ಎಂದು ತಾನೇ ಬರೆದದ್ದನ್ನು ನೋಡಿದ. ಮತ್ತೆ ಒಳಗೆ ಇಟ್ಟ.

"ಅಕ್ಕ, ಇಂಥ ಹೊತ್ತಿಗೆ ನೀರು ಬರುತ್ತೆ ಅಂತ ಖಚಿತವಾಗಿ ಗೊತ್ತಿದ್ದರೆ, ಎಷ್ಟು ಗಳಿಗೆ ಸಾಕು?"

ಹೊನ್ನವ್ವ ಗಂಡನ ಮುಖ ನೋಡಿದಳು. ರಾಚಪ್ಪ ಬಯಲಿನ ಕಡೆ ನೋಡಿದ. ಬಾಯಲ್ಲೇ ಏನೋ ಎಣಿಸಿದ. ಹಗ್ಗ ಹೊಸೆಯುವವನನ್ನು ಕೇಳಿದ. ಅವನು ಇನ್ನೊಬ್ಬನನ್ನು ಕೇಳಿದ. ಮಾತು ಏರಿಯ ಉದ್ದಕ್ಕೂ ಹೋಗಿ ತಿರುಗಿ ಬಂತು.

"ಒಂಬತ್ತು," ಎಂದ ರಾಚಪ್ಪ.

"ಒಂಬತ್ತು ಸಾಕಾ ಭಾವ?"

"ಹಗಲಲ್ಲಿ ಬಂದರೆ ಸಾಕು," ಎಂದಳು ಹೊನ್ನವ್ವ. "ಇವರ ಕೈಯಲ್ಲಿ ಗುದ್ದಲಿ ನಿಲ್ಲಲ್ಲ. ನೀರು ಕಟ್ಟೋಳು ನಾನು. ಕತ್ತಲಲ್ಲಿ ನನಗೆ ಮಡಿ ಕಾಣಲ್ಲ."

ದೇಮಣ್ಣ ಭಾವನ ಕೈಯನ್ನು ನೋಡಿದ. ಇಷ್ಟು ದಿನ ಕೇಳದೆ ಇದ್ದ ಮಾತು ಆಗ ಕೇಳಿದ.

"ಅವತ್ತು ತೂಬು ಒಡೆಯೋಕೆ ಯಾಕೆ ಹೋದೆ ಭಾವ?"

"ಒಡೆಯೋಕಾ?" ರಾಚಪ್ಪನಿಗೆ ಆಶ್ಚರ್ಯವಾಯಿತು. "ನಾನು ಹೋಗಿದ್ದು ಕೇಳೋಕೆ. ಯಾವಾಗ ಬಿಡ್ತೀರಪ್ಪ ಅಂತ. ಇಷ್ಟೇ. ಕೈಯಲ್ಲಿ ಗುದ್ದಲಿ ಇತ್ತು. ನೀರು ಕಾಯೋನ ಕೈಯಲ್ಲಿ ಗುದ್ದಲಿ ಇರದೆ ಇನ್ನೇನು ವೀಣೆ ಇರುತ್ತಾ?"

ಅಂದು ದೇಮಣ್ಣ ಏರಿಯ ಮೇಲೆ, ಕಲ್ಲೊಲೆಯ ಪಕ್ಕದಲ್ಲಿ, ಅಕ್ಕ ಬಡಿಸಿದ್ದನ್ನು ಉಂಡ. ಎರಡು ಮುದ್ದೆ.

ಸೂಲಗೆರೆಯಲ್ಲಿ ಅದೇ ಪ್ರಶ್ನೆ ಕೇಳಿದ. ಇಪ್ಪತ್ತಾರು ಹನ್ನೆರಡಕ್ಕೆ ಇಳಿಯಿತು. ಅಂಕನಹಳ್ಳಿಯಲ್ಲಿ ಒಂದು ದಿನವೆಲ್ಲ ಜಗಳವಾಡಿದರು. ಕೊನೆಗೆ ಮೂವತ್ತು ಹೋಗಿ ಹದಿನೈದಾಯಿತು.

ಉಳಿದದ್ದು ತಲೆಕೊಪ್ಪಲು. ಅಲ್ಲಿಯ ಹಿರಿಯ ಬೋರೇಗೌಡ ಗದ್ದೆಯ ಬದುವಿನ ಮೇಲೆ ನಿಂತಿದ್ದ. ಗದ್ದೆಯಲ್ಲಿ ಮೊಣಕಾಲಿನ ತನಕ ನೀರು. ಪೈರು ಹಳದಿಯಾಗಿತ್ತು.

"ಏನು ಸ್ವಾಮಿ, ಮತ್ತೆ ಬಂದಿರಿ? ಇಪ್ಪತ್ತೆಂಟು ಅಂತ ಹೇಳಿದ್ದೆನಲ್ಲ."

"ಪೈರು ಯಾಕೆ ಹಳದಿ ಗೌಡರೆ?"

"ನೀರು ಹೆಚ್ಚಾಯ್ತು. ಬೇರು ಕೊಳೀತಿದೆ."

"ಹೊರಗೆ ಬಿಡಬಹುದಲ್ಲ?"

"ಬಿಟ್ಟು? ನಾಳೆ ಕೆಳಗಿನವರು ಬಂದು ತೂಬಿನ ಮೇಲೆ ಕೂತರೆ? ಇರುವಾಗ ನಿಲ್ಲಿಸಿಕೊಳ್ಳಬೇಕು."

"ಯಾರೂ ಬಂದು ಕೂರೋದಿಲ್ಲ, ನಿಮ್ಮ ಸರದಿ ತಪ್ಪೋದಿಲ್ಲ ಅಂತಾದರೆ?"

"ಅಂಥ ಕಾಲ ಬಂದರೆ ಹದಿನೆಂಟು ಸಾಕು." ಗೌಡ ನಕ್ಕ. "ಆದರೆ ಅವರು ಗುದ್ದಲಿ ಹಿಡಿದು ಬರೋರು. ಹೋದ ವರ್ಷ ನೋಡಲಿಲ್ಲವಾ?"

"ಹೋದ ವರ್ಷ ಬಂದವನು ನಮ್ಮ ಭಾವ. ಬಂದದ್ದು ನೀರು ಯಾವಾಗ ಬಿಡ್ತೀರಿ ಅಂತ ಕೇಳೋಕೆ."

ಗೌಡನ ನಗು ನಿಂತಿತು.

"ಕೇಳೋಕಾ?"

"ಕೇಳೋಕೆ."

"ಗುದ್ದಲಿ ಇತ್ತಲ್ಲ."

ದೇಮಣ್ಣ ಗೌಡನ ಕೈಯ ಕಡೆ ನೋಡಿದ. ಗೌಡ ತನ್ನ ಕೈಯನ್ನು ನೋಡಿಕೊಂಡ. ಅಲ್ಲೂ ಒಂದು ಗುದ್ದಲಿ ಇತ್ತು. ಅದನ್ನು ಮೆಲ್ಲಗೆ ಬದುವಿಗೆ ಒರಗಿಸಿದ.

ತುಸು ದೂರದಲ್ಲಿ ನೀರಗಂಟಿ ಪುಟ್ಟಮಾದ ಕುಳಿತಿದ್ದ. ಮೂವತ್ತು ವರ್ಷದಿಂದ ತೂಬು ತೆಗೆದು ಮುಚ್ಚುವವನು ಅವನು.

"ನಿನಗೆ ಏನು ಬೇಕು ಪುಟ್ಟಮಾದ?" ಎಂದು ಕೇಳಿದ ದೇಮಣ್ಣ.

ಪುಟ್ಟಮಾದ ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ.

"ನನ್ನನ್ನಾ ಬುದ್ಧಿ? ಇದುವರೆಗೆ ಯಾರೂ ಕೇಳಲಿಲ್ಲ."

"ಈಗ ಕೇಳ್ತಿದ್ದೀನಿ."

"ನಿದ್ದೆ," ಎಂದ ಪುಟ್ಟಮಾದ. "ಒಂದಿಷ್ಟು ಹೊತ್ತು ತೂಬು ಮುಚ್ಚಿ, ಯಾರೂ ಬೈಯದ ಹಾಗೆ ಮಲಗಬೇಕು. ಮತ್ತೆ, ನೀರು ಬಿಟ್ಟಾಗ ಕೆಳಗಿನವರಿಗೆ ಕೂಗಿ ಹೇಳ್ತೀನಿ. ನನ್ನ ಗಂಟಲು ಅಂಕನಹಳ್ಳಿಯ ತನಕ ಮುಟ್ಟಲ್ಲ."

ಅಮಾವಾಸ್ಯೆಯ ಹಿಂದಿನ ದಿನ ದೇಮಣ್ಣ ಆಶ್ರಮಕ್ಕೆ ಬಂದ. ಕಾಲು ತೊಳೆಯದೆ ನೇರವಾಗಿ ಜಗಲಿಗೆ ಬಂದು ಕುಳಿತ. ನಗು ತಡೆಯಲಾಗಲಿಲ್ಲ.

"ಹದಿನೆಂಟು. ಹದಿನೈದು. ಹನ್ನೆರಡು. ಒಂಬತ್ತು."

"ಒಟ್ಟು?"

"ಐವತ್ತನಾಲ್ಕು ಅಯ್ಯ! ಆರು ಮಿಕ್ಕಿದೆ!"

"ಆ ಆರು ಯಾರಿಗೆ?"

"ಪುಟ್ಟಮಾದನ ನಿದ್ದೆಗೆ. ಆಗ ತೂಬು ಮುಚ್ಚಿರುತ್ತೆ. ನೀರು ಹೊಳೆಯಲ್ಲೇ ಮುಂದೆ ಹೋಗುತ್ತೆ."

ಅಯ್ಯನವರು ತಲೆದೂಗಿದರು. "ಕಡೆಹಳ್ಳಿಗೆ ಏನು ಬೇಕಂತೆ?"

"ಯಾವಾಗ ಅಂತ ತಿಳಿಯಬೇಕಂತೆ. ಹಗಲಲ್ಲಿ ಆಗಬೇಕಂತೆ. ಆಮೇಲೆ ನೀರು."

"ತಲೆಕೊಪ್ಪಲಿಗೆ?"

"ಹೆದರಿಕೆ ಹೋಗಬೇಕು."

ಅಯ್ಯನವರು ಎದ್ದರು. ಹೊಂಗೆಮರದ ಬಳಿ ಹೋದರು. ಊಟದ ಗಂಟೆಯನ್ನೇ ಕೊಂಬೆಯಿಂದ ಇಳಿಸಿ ದೇಮಣ್ಣನ ತೋಳಿಗೆ ಕೊಟ್ಟರು.

ಮರುದಿನ ಬೆಳಗ್ಗೆ ನಾಲ್ಕೂ ಊರಿನವರು ತೂಬಿನ ಬಳಿ ಸೇರಿದರು. ಗುದ್ದಲಿಗಳೂ ಬಂದಿದ್ದವು. ಎರಡು ಗುಂಪು, ನಡುವೆ ಹತ್ತು ಮಾರು ಜಾಗ.

ದೇಮಣ್ಣ ಸರದಿ ಹೇಳಿದ. ತೂಬಿನ ಮೇಲೆ ಗಳಿಗೆ ಬಟ್ಟಲು, ಗಂಟೆ ಎರಡೂ ಇರುತ್ತವೆ. ಒಂದು ಪೆಟ್ಟು ತಲೆಕೊಪ್ಪಲಿಗೆ. ಎರಡು ಅಂಕನಹಳ್ಳಿಗೆ. ಮೂರು ಸೂಲಗೆರೆಗೆ. ನಾಲ್ಕು ಕಡೆಹಳ್ಳಿಗೆ, ಅದು ನಡುಹಗಲಿಗೆ. ಗಂಟೆ ಕೇಳಿದ ಊರು ತನ್ನ ಗುಡಿಯ ಜಾಗಟೆಯನ್ನು ಅಷ್ಟೇ ಸಲ ಬಾರಿಸಬೇಕು. ಅದು ಮುಂದಿನ ಊರಿಗೆ ಕೇಳುತ್ತದೆ. ನೀರು ಕಡೆಹಳ್ಳಿ ಮುಟ್ಟಲು ಎರಡು ಗಳಿಗೆ ಬೇಕು. ಸದ್ದು ಮೊದಲೇ ಮುಟ್ಟುತ್ತದೆ.

"ಎಲ್ಲ ಸರಿ," ಎಂದ ಕಡೆಹಳ್ಳಿಯ ಒಬ್ಬ. "ಬಟ್ಟಲು ನೋಡೋರು ಯಾರು? ತಲೆಕೊಪ್ಪಲಿನವರೇ ನೋಡಿದರೆ ಅವರ ಬಟ್ಟಲು ಮುಳುಗೋದೇ ಇಲ್ಲ."

"ನಿಮ್ಮವರು ನೋಡಿದರೆ ನಮ್ಮದು ತೇಲೋದೇ ಇಲ್ಲ," ಎಂದ ತಲೆಕೊಪ್ಪಲಿನ ಒಬ್ಬ.

ಗುದ್ದಲಿಗಳು ಸ್ವಲ್ಪ ಅಲುಗಿದವು. ಎಲ್ಲರೂ ಅಯ್ಯನವರ ಕಡೆ ನೋಡಿದರು. ಅಯ್ಯನವರು ಹೊಳೆಯ ಕಡೆ ನೋಡುತ್ತಿದ್ದರು.

ಮಾತಾಡಿದವನು ಬೋರೇಗೌಡ.

"ರಾಚಪ್ಪ ನೋಡಲಿ."

ತಲೆಕೊಪ್ಪಲಿನವರು ಗೌಡನನ್ನೇ ನೋಡಿದರು.

"ಹಗಲು ರಾಚಪ್ಪ, ರಾತ್ರಿ ಪುಟ್ಟಮಾದ," ಎಂದ ಗೌಡ. "ಗಂಟೆ ಬಾರಿಸೋಕೆ ಒಂದು ಕೈ ಸಾಕು."

ಮತ್ತೆ, ಯಾರೂ ಹೇಳದೆ, ಗಂಟೆಯನ್ನು ಎತ್ತಿಕೊಂಡು ತೂಬಿನ ಕಲ್ಲುಕಂಬದ ಬಳಿ ಹೋದ. ಕಂಬಕ್ಕೆ ಕಟ್ಟತೊಡಗಿದ. ಮೊದಲು ಎತ್ತರಕ್ಕೆ ಹಿಡಿದ. ಆಮೇಲೆ ರಾಚಪ್ಪನನ್ನು ಕರೆದು, ಅವನ ಎಡಗೈ ಎಲ್ಲಿಗೆ ಎಟುಕುತ್ತದೆ ಎಂದು ನೋಡಿ, ಒಂದು ಗೇಣು ಕೆಳಗೆ ಕಟ್ಟಿದ.

"ಇಷ್ಟು ಸಾಕಾ?"

"ಸಾಕು ಗೌಡರೆ."

"ಹೋದ ವರ್ಷ..." ಎಂದ ಗೌಡ. ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿದ.

"ಗಂಟು ಬಿಗಿಯಾಗಿ ಹಾಕಿ," ಎಂದ ರಾಚಪ್ಪ. "ತಲೆ ಮೇಲೆ ಬಿದ್ದೀತು."

ನಡುವಿನ ಹತ್ತು ಮಾರು ಜಾಗ ಯಾವಾಗ ಮುಚ್ಚಿಹೋಯಿತೋ ಯಾರೂ ಗಮನಿಸಲಿಲ್ಲ. ಯಾರೋ ಎಲೆಅಡಿಕೆ ಚೀಲ ಬಿಚ್ಚಿದರು. ಪುಟ್ಟಮಾದ ಆಗಲೇ ಹೊಂಗೆಯ ನೆರಳು ಹುಡುಕಿಕೊಂಡು ಹೊರಟಿದ್ದ.

ಅಯ್ಯನವರು, ದೇಮಣ್ಣ ಆಶ್ರಮಕ್ಕೆ ಹಿಂತಿರುಗಿದರು. ಗಂಗಣ್ಣ ಬರಿದಾದ ಕೊಂಬೆಯ ಕೆಳಗೆ ಸೌಟು ಹಿಡಿದು ನಿಂತಿದ್ದ.

"ಗಂಟೆ ಕೊಟ್ಟುಬಿಟ್ಟಿರಂತೆ ಅಯ್ಯ. ಮತ್ತೆ ಇವರೆಲ್ಲ ಅಡುಗೆಮನೆ ಸುತ್ತ ಕೂರ್ತಾರೆ. ಹಿಟ್ಟು ಎಲ್ಲಿಂದ ತರಲಿ? ಊಟ ಯಾವಾಗ ಅಂತ ನಮಗೆ ಹೇಗೆ ತಿಳೀಬೇಕು?"

ಅಯ್ಯನವರು ಜಗಲಿಯ ಮೇಲೆ ಕುಳಿತು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು.

"ತೂಬಿನ ಗಂಟೆ ಇಲ್ಲಿಗೂ ಕೇಳುತ್ತೆ ಗಂಗಣ್ಣ. ನಾಲ್ಕು ಪೆಟ್ಟು ಬಿದ್ದ ಮೇಲೆ ಬಡಿಸು."